ಮೊದಲು ಎಡಗಡೆಯ ಡ್ರಮ್ಮು

ಸವಾರಿಗೆ ಹಾಕುವ ವೆಸ್ಟಿನ ಜಿಪ್ ಎಳೆಯುವಾಗ ಎಡಗಂಕುಳ ಹತ್ತಿರ ಚುಚ್ಚಿದಂತಾಯಿತು. ಮುಟ್ಟಿ ನೋಡಿದೆ. ಗಟ್ಟಿಯಾಗಿ ಏನೋ ಇತ್ತು. ಹಿಂದಿನ ವಾರ ನನ್ನ ಹೆಣ್ಣು ಕುದುರೆ ಪೀಚ್ ತಿರುವಿನಲ್ಲಿ ಮುಗ್ಗರಿಸಿದಾಗ ಜೀನಿನ ಹಿಡಿಕೆ ಎದೆಗೆ ಬಡಿದಿತ್ತು. ಅದರದೇ ಪೆಟ್ಟು ಅಂದುಕೊಂಡೆ. ಲಾಯದಲ್ಲಿ ಎಲ್ಲರೂ ಹಾಗೇ ಅಂದರು. ಕುದುರೆ ಸವಾರಿ ಮಾಡುವ ಹೆಂಗಸರ ಮೈಯಲ್ಲಿ ಏನೇ ಗಂಟು ಕಂಡರೂ ಅದಕ್ಕೆ ಕುದುರೆಯದೇ ಕಾರಣ ತಯಾರಿರುತ್ತದೆ. ಐಸ್ ಇಟ್ಟೆ. ಇಡುತ್ತಲೇ ಇದ್ದೆ.

ಬಯಾಪ್ಸಿ ಬೇರೆಯದನ್ನೇ ಹೇಳಿತು. ಸ್ತನದ ಕ್ಯಾನ್ಸರ್.

ನಾನು ಮೈಸೂರಿನವಳು, ಅಮೆರಿಕದ ಜಾನ್ಸ್ ಕ್ರೀಕ್‌ನಲ್ಲಿ ಫಾರ್ಮಸಿಸ್ಟ್. ಕೋವಿಡ್ ವರ್ಷ ದಿನವಿಡೀ ಮಾಸ್ಕ್ ಹಾಕಿಕೊಂಡು ಜನರ ಬೈಗುಳ ಕೇಳಿ ತಲೆ ಕೆಟ್ಟು, ಒಂದಿಷ್ಟು ಗಾಳಿಗೆಂದು ಊರಾಚೆಯ ಕುದುರೆ ಲಾಯಕ್ಕೆ ಹೋದವಳು ಅಲ್ಲೇ ಸಿಕ್ಕಿಬಿದ್ದೆ. ಲಾಯದ ಒಡತಿ ಮಿಸ್ ಲೊರೆಟಾ ಎಪ್ಪತ್ತು ದಾಟಿದ ಕಪ್ಪು ಹೆಂಗಸು. ಅವರ ತಾತ, ಅಪ್ಪ ಎಲ್ಲ ರೋಡಿಯೊ ಜನ. ಗೂಳಿಯ ಬೆನ್ನೇರುವುದು, ಹಗ್ಗ ಎಸೆದು ಕರು ಹಿಡಿಯುವುದು ಅವರ ಮನೆತನದ ಕಸುಬು. ನನಗೆ ಅವರು ಕಲಿಸಿದ್ದು ಹೆಂಗಸರ ಸ್ಪರ್ಧೆಯಾದ ಬ್ಯಾರಲ್ ರೇಸಿಂಗ್. ಅಖಾಡದಲ್ಲಿ ತ್ರಿಕೋನಾಕಾರದಲ್ಲಿ ಇಟ್ಟ ಮೂರು ಖಾಲಿ ಡ್ರಮ್ಮು. ಓಡುವ ಕುದುರೆಯಲ್ಲಿ ಒಂದೊಂದನ್ನೂ ಸುತ್ತಿ ಬಾಗಿಲಿಗೆ ವಾಪಸ್ಸು ಬರಬೇಕು. ಡ್ರಮ್ಮು ಉರುಳಿದರೆ ಐದು ಸೆಕೆಂಡ್ ದಂಡ. ನಲವತ್ತೆರಡನೇ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತಾ ಎಂದು ಕೇಳದವರಿಲ್ಲ. ಬೇಕಿತ್ತು.

ಸರ್ಜರಿ ಆಯಿತು. ಎಡ ಸ್ತನ ಹೋಯಿತು. ಕಂಕುಳಿನ ಲಿಂಫ್ ನೋಡ್‌ಗಳೂ ಹೋದವು. ಆಮೇಲೆ ಕೀಮೊ. ಬಾಯಿಗೆ ಅನ್ನವೂ ತಗಡು ನೆಕ್ಕಿದ ಹಾಗೆ. ಕೂದಲು ಉದುರಿತು. ಎಂದೂ ಸ್ಕಾರ್ಫ್ ಹಾಕದಿದ್ದವಳು ಈಗ ಹಾಕಿದೆ. ಮಸೀದಿಯಲ್ಲಿ ವಿಷಯ ಗೊತ್ತಿಲ್ಲದ ಆಂಟಿಯೊಬ್ಬರು ಭಕ್ತಿಗೆ ಹಾಕಿದ್ದೆಂದುಕೊಂಡು, ಮಾಷಾಅಲ್ಲಾ ಎಂದು ಕೈ ಹಿಡಿದು ಸಂತೋಷಪಟ್ಟರು. ನಾನೂ ನಕ್ಕೆ. ರೇಡಿಯೇಶನ್ ಮುಗಿಯುವ ಹೊತ್ತಿಗೆ ಎಡತೋಳು ಊದಿಕೊಳ್ಳಲು ಶುರುವಾಯಿತು. ಲಿಂಫೆಡೀಮಾ ಅಂದರು. ಇನ್ನು ಜೀವನಪೂರ್ತಿ ಬಿಗಿಯಾದ ಕಂಪ್ರೆಶನ್ ಸ್ಲೀವ್.

ಆಗಲೇ ನನ್ನ ಗಂಡ ಇಮ್ರಾನ್ ಪೀಚ್‌ಗೆ ಗಿರಾಕಿ ಹುಡುಕಿದ್ದು. ನಮ್ಮ ಮನೆಯಲ್ಲಿ ಮಾತೆಲ್ಲ ಉರ್ದು, ಜಗಳ ಜೋರಾದರೆ ಮಾತ್ರ ಕನ್ನಡ. ಅವತ್ತು ಶುರುವಾದದ್ದೇ ಕನ್ನಡದಲ್ಲಿ.

“ಷಾರ್ಲಟ್‌ನವರು ಶನಿವಾರ ನೋಡೋಕೆ ಬರ್ತಾರೆ. ಒಳ್ಳೇ ಫ್ಯಾಮಿಲಿ. ಕೊಟ್ಬಿಡೋಣ.”

“ನನ್ನನ್ನ ಒಂದ್ ಮಾತು ಕೇಳಿದ್ರಾ?”

“ಕೇಳಿದ್ರೆ ನೀನು ಬೇಡ ಅಂತಿದ್ದೆ.”

“ಮತ್ತೆ? ಅದು ನನ್ ಕುದುರೆ. ಬೀಳೋದೂ ಏಳೋದೂ ನನ್ ಜೀವ.”

ಇಮ್ರಾನ್ ಕೂಗಲಿಲ್ಲ. “ನಿನ್ ಜೀವ ನಿನ್ನೊಬ್ಬಳದೇ ಅಂತ ಯಾರು ಹೇಳಿದ್ದು? ನಾಲ್ಕು ತಿಂಗಳು ನಿನ್ನ ವಾಂತಿ ಬಳಿದಿದೀನಿ ನಾನು” ಅಂದರು.

ಅವರು ಹೇಳಿದ್ದು ನಿಜವೇ. ಬೆನ್ನು ಉಜ್ಜಿದವರು, ಗಂಜಿ ಕುಡಿಸಿದವರು, ಸರ್ಜರಿಯ ನಂತರ ಗಾಯದ ಡ್ರೈನ್ ಚೀಲ ಖಾಲಿ ಮಾಡಿದವರು ಅವರು. ಆದರೂ ನನಗೆ ಸಿಟ್ಟು ಇಳಿಯಲಿಲ್ಲ. ಪ್ರೀತಿಗೂ ನನ್ನ ಕುದುರೆಯನ್ನು ಮಾರುವ ಅಧಿಕಾರವಿಲ್ಲ.

ಮರುದಿನ ಲಾಯಕ್ಕೆ ಹೋಗಿ ಅತ್ತೆ. ಮಿಸ್ ಲೊರೆಟಾ ಸಮಾಧಾನ ಹೇಳುವವರಲ್ಲ. ಹಳೆಯ ಕಥೆಯೊಂದನ್ನು ಹೇಳಿದರು. ಒಂದು ಕಾಲದಲ್ಲಿ ರೋಡಿಯೊದಲ್ಲಿ ಹೆಂಗಸರೂ ಪಳಗದ ಕುದುರೆಗಳನ್ನು ಹತ್ತುತ್ತಿದ್ದರಂತೆ. ಒಬ್ಬಳು ಬಿದ್ದು ಸತ್ತಳು. ಆಮೇಲೆ ದೊಡ್ಡ ರೋಡಿಯೊಗಳು ಹೆಂಗಸರ ಆ ಸ್ಪರ್ಧೆಯನ್ನೇ ಕೈಬಿಟ್ಟವು. ವರ್ಷಗಟ್ಟಲೆ ಅಂದದ ಬಟ್ಟೆ ತೊಟ್ಟು ಬಾವುಟ ಹಿಡಿಯುವುದಷ್ಟೇ ಅವರ ಪಾಲಿಗೆ ಉಳಿಯಿತು. ಕೊನೆಗೆ ಹೆಂಗಸರು ತಮ್ಮದೇ ಸಂಘ ಕಟ್ಟಿಕೊಂಡು ಮತ್ತೆ ಅಖಾಡಕ್ಕೆ ಬಂದರು.

“ಗಂಡಸರು ಸತ್ತಾಗ?” ಎಂದು ಕೇಳಿದೆ.

“ಟೋಪಿ ತೆಗೆದು ಪ್ರಾರ್ಥನೆ ಮಾಡುತ್ತಾರೆ. ಆಮೇಲೆ ಮುಂದಿನ ಗೂಳಿಯನ್ನು ಬಿಡುತ್ತಾರೆ” ಅಂದರು.

ಷಾರ್ಲಟ್‌ನವರಿಗೆ ನಾನೇ ಫೋನ್ ಮಾಡಿ ಬರಬೇಡಿ ಅಂದೆ.

ಕುದುರೆ ಹತ್ತಬಹುದೇ ಎಂದು ಆಂಕಾಲಜಿಸ್ಟರನ್ನು ಕೇಳಿದೆ. ಹತ್ತಿ, ತೋಳು ಊದಿದರೆ ನಿಲ್ಲಿಸಿ, ಬೀಳಬೇಡಿ ಅಂದರು. ಬೀಳಬೇಕೆಂದು ಯಾರು ಹತ್ತುತ್ತಾರೆ? ತೊಂದರೆ ಇದ್ದದ್ದು ಲಗಾಮಿನಲ್ಲಿ. ಯಾವ ಕಡೆ ತಿರುಗುತ್ತೇವೋ ಆ ಕೈಯಲ್ಲಿ ಲಗಾಮು ಹಿಡಿಯಬೇಕು. ಪೀಚ್ ಕಲಿತದ್ದು ಬಲಗಡೆಯ ಡ್ರಮ್ಮಿನಿಂದ ಶುರುಮಾಡಲು. ಹಾಗೆ ಹೋದರೆ ಬಲಕ್ಕೆ ಒಂದು ಸುತ್ತು, ಎಡಕ್ಕೆ ಎರಡು. ನನ್ನ ಎಡಗೈ ಎರಡು ಸುತ್ತು ತಾಳುತ್ತಿರಲಿಲ್ಲ. ಎಡಗಡೆಯದರಿಂದ ಶುರುಮಾಡಿದರೆ ಎಡಕ್ಕೆ ಒಂದೇ ಸುತ್ತು, ಮಿಕ್ಕ ಎರಡೂ ಬಲಕ್ಕೆ. ನಿಯಮ ಎರಡನ್ನೂ ಒಪ್ಪುತ್ತದೆ. ಒಪ್ಪಬೇಕಾದದ್ದು ಕುದುರೆ.

ಅವಳು ಒಪ್ಪಲಿಲ್ಲ. ಚಳಿಗಾಲವಿಡೀ ನಡಿಗೆಯಲ್ಲೇ ಕಲಿಸಿದೆವು. ಬಾಗಿಲು ದಾಟಿದ ಕೂಡಲೇ ಅವಳು ಬಲಕ್ಕೆ ಎಳೆಯುತ್ತಿದ್ದಳು, ನಾನು ಎಡಕ್ಕೆ. ನಾನು ಬೈಯುತ್ತಿದ್ದೆ, ಅವಳು ಕಿವಿ ಹಿಂದಕ್ಕೆ ಮಡಚುತ್ತಿದ್ದಳು. ಕೆಲವು ದಿನ ಅವಳ ಕತ್ತಿಗೆ ಒರಗಿ ಸುಮ್ಮನೆ ನಿಂತು ಮನೆಗೆ ಬಂದದ್ದೂ ಉಂಟು. ಬೇಸಿಗೆಯ ಹೊತ್ತಿಗೆ ಇಬ್ಬರಿಗೂ ಹಟ ಸ್ವಲ್ಪ ಇಳಿಯಿತು.

ಸೌತ್ ಕ್ಯಾರೊಲೈನಾದ ಒಂದು ಚಿಕ್ಕ ಅಖಾಡದಲ್ಲಿ ಓಡಿದೆ. ಇಮ್ರಾನ್ ಮನಸ್ಸಿಲ್ಲದಿದ್ದರೂ ತಾವೇ ಡ್ರೈವ್ ಮಾಡಿದರು. ಬಾಗಿಲು ತೆರೆಯಿತು. ಪೀಚ್ ಒಂದು ಕ್ಷಣ ಬಲಕ್ಕೆ ವಾಲಿದಳು. ನಾನು ಎಡತೊಡೆಗೆ ಭಾರ ಹಾಕಿ ಆ ಡ್ರಮ್ಮನ್ನೇ ದಿಟ್ಟಿಸಿದೆ. ತಿರುಗಿದಳು. ಸ್ಲೀವ್ ಒಳಗೆ ತೋಳು ಉರಿಯಿತು. ಎರಡನೆಯದು ಸಲೀಸಾಯಿತು. ಮೂರನೆಯದಕ್ಕೆ ಮೊಣಕಾಲು ತಗುಲಿ ಡ್ರಮ್ಮು ಉರುಳಿತು. ಐದು ಸೆಕೆಂಡ್ ದಂಡ. ಎಲ್ಲರಿಗಿಂತ ಕೊನೆ.

ನಾನು ಕಿರುಚಿದೆ. ಖುಷಿಗೆ.

ತೋಳು ಆ ಸಂಜೆಗೇ ಊದಿತು. ಥೆರಪಿಸ್ಟ್ ಹತ್ತಿರ ಬೈಸಿಕೊಂಡು ಬ್ಯಾಂಡೇಜ್ ಸುತ್ತಿಸಿಕೊಂಡೆ. ಮುಂದಿನ ತಿಂಗಳು ಸ್ಕ್ಯಾನ್ ಇದೆ. ಅದು ಏನು ಹೇಳುತ್ತದೋ ಗೊತ್ತಿಲ್ಲ, ಭಯವಿಲ್ಲವೆಂದರೆ ಸುಳ್ಳು. ಇಷ್ಟು ದಿನ ಉಳಿಸಿದ ದೇವರಿಗೂ ಡಾಕ್ಟರುಗಳಿಗೂ ಶುಕ್ರಿಯಾ. ಅವತ್ತು ಅಖಾಡದ ಬೇಲಿಯ ಹತ್ತಿರ ನಾನು ಇಳಿದಾಗ ಇಮ್ರಾನ್ ಮುಖ ಬಿಳಿಚಿಕೊಂಡಿತ್ತು, ಕಣ್ಣು ಒದ್ದೆಯಾಗಿತ್ತು.

“ಇನ್ನೊಂದ್ ಸಲ ಹೀಗೆ ಹೆದರಿಸಬೇಡ.”

“ಹೆದರಿಸ್ತೀನಿ” ಅಂದೆ.

ಪೀಚ್ ಬೆವರಿದ್ದಳು. ಮೈ ಆರುವವರೆಗೆ ಅವಳನ್ನು ನಡೆಸಬೇಕಿತ್ತು, ನನ್ನ ಕೈಯಲ್ಲಿ ಆಗುತ್ತಿರಲಿಲ್ಲ. ಎಂದೂ ಆ ಕುದುರೆಯನ್ನು ಮುಟ್ಟದ ಇಮ್ರಾನ್ ಅದರ ಹತ್ತಿರ ಬಂದರು. “ಎಲ್ಲಿ ಹಿಡ್ಕೋಬೇಕು, ಹೇಳು” ಅಂದರು.