ಮಾವನ ಪಥ್ಯ ಬಿಡಿಸಿದ್ದು

ತಿಕೋಟಾದಲ್ಲಿ ನನ್ನದೊಂದು ಬ್ಯೂಟಿ ಪಾರ್ಲರ್ ಇದೆ. ‘ಏನೋ ಸಣ್ಣದೊಂದು’ ಎಂದು ಹೇಳುವ ರೂಢಿ ನನಗಿಲ್ಲ. ಯಾಕೆ ಹೇಳಲಿ? ಬಬಲೇಶ್ವರದಿಂದ, ಘೋಣಸಗಿಯಿಂದ ಮದುವಣಗಿತ್ತಿಯರು ನನ್ನನ್ನೇ ಹುಡುಕಿಕೊಂಡು ಬರುತ್ತಾರೆ. ವಿಜಯಪುರದಲ್ಲಿ ದೊಡ್ಡ ದೊಡ್ಡ ಪಾರ್ಲರುಗಳಿದ್ದರೂ ‘ಆಕೀ ಕೈಯಾಗ ಮುಖಾ ಕೊಟ್ಟ ನೋಡ್ರಿ’ ಅನ್ನುವ ಮಾತು ನಾನು ಗಳಿಸಿದ್ದು.

ನನ್ನ ಸಿಟ್ಟೂ ಅಷ್ಟೇ ಹೆಸರುವಾಸಿ. ಬಂದ ಹುಡುಗಿ ಕೆನ್ನೆಗೆ ನಿಂಬೆಹಣ್ಣು ತಿಕ್ಕಿಕೊಂಡು ಬಿಸಿಲಿಗೆ ಹೋಗಿದ್ದಳೆಂದು ಗೊತ್ತಾದರೆ ಅವಳ ತಾಯಿಗೂ ಸೇರಿಸಿ ಬೈಯುತ್ತೇನೆ. ನಮ್ಮ ಜಿಲ್ಲೆಯ ನಿಂಬೆ ನಾಡಿಗೆಲ್ಲ ಹೋಗುತ್ತದೆ, ನಿಜ. ಆದರೆ ಅದರ ರಸ ಹಚ್ಚಿಕೊಂಡು ನಮ್ಮ ಬಿಸಿಲಿನಲ್ಲಿ ತಿರುಗಿದರೆ ಮುಖ ಹೊಳೆಯುವುದಿಲ್ಲ, ಸುಟ್ಟು ಕಪ್ಪು ಕಲೆ ಏಳುತ್ತದೆ. “ಹಚ್ಚಿಕೊಳ್ಳಬ್ಯಾಡ್ರೆವ್ವಾ, ಹಿಂಡಿಕೊಂಡು ತಿನ್ರಿ! ತೊಗಲು ಒಳಗಿಂದ ಬೆಳೀತೈತಿ,” ಎಂದು ದಿನವೂ ಗಂಟಲು ಹರಿದುಕೊಳ್ಳುತ್ತೇನೆ. ವಿಟಮಿನ್ ಸಿ ಸೀರಮ್ಮಿನ ಬಾಟಲಿ ನಾನೂ ಮಾರುತ್ತೇನೆ. ಆದರೆ ಬಾಟಲಿ ಕೊಡುವಾಗಲೆಲ್ಲ ‘ಜೊತೆಗೆ ಪೇರಲ ತಿನ್ನು, ನೆಲ್ಲಿಕಾಯಿ ತಿನ್ನು’ ಎಂದು ಹೇಳದೆ ಕಳಿಸಿದವಳಲ್ಲ.

ಇಷ್ಟೆಲ್ಲ ಊರಿಗೆ ಹೇಳುವ ನನ್ನ ಮನೆಯಲ್ಲೇ ಒಂದು ಗಾಯ ಮಾಯದೆ ಕುಳಿತಿತ್ತು.

ನಮ್ಮ ಮನೆ ಇರುವುದು ಬಿಜ್ಜರಗಿಯಲ್ಲಿ. ಗಂಡ ದ್ರಾಕ್ಷಿ ಪ್ಲಾಟು ನೋಡಿಕೊಳ್ಳುತ್ತಾರೆ. ಮಾವ ಕುರಿ ಹಿಂದೆ ಹೋಗುವವರು. ದ್ರಾಕ್ಷಿ ಬಂದು ಮನೆಗೆ ನಾಲ್ಕು ಕಾಸು ಕೂಡಿದ ಮೇಲೂ ಅವರು ಕುರಿ ಬಿಡಲಿಲ್ಲ. “ದ್ರಾಕ್ಷಿ ನಿಂದು, ಕುರಿ ನಂದು. ನನ್ನ ಕಾಲು ಇರೋತನಕ ಅವಕ್ಕ ಬ್ಯಾರೆ ಧಣಿ ಇಲ್ಲ,” ಎಂದು ಮಗನಿಗೆ ಹೇಳಿಬಿಟ್ಟಿದ್ದರು. ಅತ್ತೆ ತೀರಿಹೋದ ವರ್ಷವೂ ದಿನಕರ್ಮ ಮುಗಿದದ್ದೇ ತಡ, ಕಂಬಳಿ ಹೆಗಲಿಗೇರಿಸಿ ಹೊರಟ ಮನುಷ್ಯ.

ಅತ್ತೆ ಹೋದ ಮೇಲೆ ಒಂದು ದಿನ, ಕುರಿಗಳ ಜೊತೆಗಿದ್ದ ಆಡಿನ ಮರಿಗಳಿಗೆಂದು ಜಾಲಿ ಟೊಂಗೆ ಎಳೆಯುವಾಗ ಮಾವನ ಮೊಣಕಾಲ ಕೆಳಗೆ ಮುಳ್ಳು ಗೀರಿತು. ಅಷ್ಟೇ. ಅಂಥ ಗೀರುಗಳನ್ನು ಅವರು ಲೆಕ್ಕಕ್ಕೇ ಇಡುತ್ತಿರಲಿಲ್ಲ. ಅರಿಷಿಣ ಮೆತ್ತಿ, ಮನೆಯ ರೂಢಿಯಂತೆ ಪಥ್ಯ ಹಿಡಿದರು. ಗಾಯವಾದರೆ ಹುಳಿ ತಿನ್ನಬಾರದು, ನಂಜಿನ ಪದಾರ್ಥ ತಿನ್ನಬಾರದು, ತಿಂದರೆ ಕೀವಾಗುತ್ತದೆ ಎಂಬುದು ನಮ್ಮ ಕಡೆ ಹಾಲು ಕುಡಿಯುವ ಕೂಸಿಗೂ ಗೊತ್ತು. ನಿಂಬೆ ಇಲ್ಲ, ಹುಣಸೆ ಇಲ್ಲ, ಟೊಮೆಟೊ ಇಲ್ಲ, ಬದನೆ ಇಲ್ಲ. ಪೇರಲ ಥಂಡಿ ಎಂದು ಅದೂ ಇಲ್ಲ. ಸೊಪ್ಪು ವಾಯು ಎಂದು ಅದೂ ಹೋಯಿತು. ಉಳಿದದ್ದು ಜೋಳದ ರೊಟ್ಟಿ, ಹಾಲು, ಹೆಸರುಬೇಳೆ ಕಟ್ಟು. ದಿನವೂ ಅದೇ.

ಗಾಯ ಮಾಯಲಿಲ್ಲ. ಮೇಲೆ ಪೊರೆ ಕಟ್ಟಿದಂತಾಗಿ ಮತ್ತೆ ಬಾಯಿ ಬಿಡುತ್ತಿತ್ತು. ತಿಂಗಳುಗಳು ಉರುಳಿದವು. ಮುಲಾಮು ಹಚ್ಚಿದೆವು, ಇಂಜೆಕ್ಷನ್ ಕೊಡಿಸಿದೆವು. ಗಾಯ ಹಟ ಹಿಡಿದಷ್ಟೂ ಮಾವ ಪಥ್ಯ ಬಿಗಿ ಮಾಡಿದರು. ಬರಬರುತ್ತ ಒಸಡು ಬಾತು, ರೊಟ್ಟಿ ಕಡಿದರೆ ರಕ್ತ ಬಂತು. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ನುಂಗತೊಡಗಿದರು. ತೊಡೆಯ ಮೇಲೆ ಯಾರೂ ಹೊಡೆಯದೆ ನೀಲಿ ಕಲೆಗಳು ಎದ್ದವು. ಒಂದು ದಿನ ಮಾವ ಕಟ್ಟೆಯ ಮೇಲೆ ಕುಳಿತು, ಪಕ್ಕದ ಓಣಿಯವರೊಬ್ಬರು ನಮ್ಮ ಕುರಿಗಳನ್ನು ಮೇಯಿಸಲು ಹೊಡೆದುಕೊಂಡು ಹೋಗುವುದನ್ನು ನೋಡುತ್ತ, “ಇನ್ನ ಮಾರಿಬಿಡ್ರಿ. ನಡ್ಯಾಕ ಬರದವಗ ಕುರಿ ಯಾಕ,” ಅಂದರು. ಮಗನ ಎದುರು ಎಂದೂ ದನಿ ಇಳಿಸದ ಮನುಷ್ಯ.

ಮರುದಿನವೇ ಪಾರ್ಲರಿಗೆ ಬೀಗ ಹಾಕಿ ಅವರನ್ನು ವಿಜಯಪುರಕ್ಕೆ ಕರೆದುಕೊಂಡು ಹೋದೆ. ಸ್ಟೇಷನ್ ರಸ್ತೆಯಲ್ಲಿ ಒಬ್ಬರು ಚರ್ಮದ ಡಾಕ್ಟರ್ ಇದ್ದಾರೆ. ಅವರು ಸಕ್ಕರೆ ಕಾಯಿಲೆ ಇದೆಯೇ ಎಂದು ರಕ್ತ ತಪಾಸಣೆ ಮಾಡಿಸಿದರು, ಅದೇನೂ ಇರಲಿಲ್ಲ. ಬಾಯಿ ತೆರೆಸಿ ಒಸಡು ನೋಡಿದರು. ಕಾಲ ಮೇಲಿನ ಕೂದಲು ಸುರುಳಿ ಸುತ್ತಿಕೊಂಡಿದ್ದನ್ನು, ಅದರ ಬುಡದ ಕೆಂಪು ಚುಕ್ಕೆಗಳನ್ನು ನೋಡಿದರು. ಆಮೇಲೆ, “ಅಜ್ಜಾರ, ಊಟಕ್ಕ ಏನು ತಗೋತೀರಿ?” ಎಂದು ಕೇಳಿದರು.

ಮಾವ ಎದೆ ಉಬ್ಬಿಸಿ ಹೇಳಿದರು, “ಪಥ್ಯದಾಗ ಅದೀನ್ರಿ. ಹುಳಿ ಅಂಬೂದು ನಾಲಿಗಿಗೆ ತಾಗಸಿಲ್ಲ!”

ಡಾಕ್ಟರ್ ಪೆನ್ನು ಕೆಳಗಿಟ್ಟರು. ಹೊಸ ಚರ್ಮ ಹುಟ್ಟಲು ವಿಟಮಿನ್ ಸಿ ಬೇಕೇ ಬೇಕು, ಅದು ಮೈಯಲ್ಲಿ ಬಹಳ ದಿನ ಉಳಿಯುವುದಿಲ್ಲ, ದಿನವೂ ತಿನ್ನಬೇಕು, ಇವರ ಮೈಯಲ್ಲಿ ಅದು ಖಾಲಿಯಾಗಿದೆ ಅಂದರು. ಹೀಗೇ ಬಿಟ್ಟರೆ ಗಾಯ ಒಳಗಿಳಿದು ಕಾಲಿಗೇ ಕುತ್ತು ಎಂದೂ ಹೇಳಿದರು. ನನಗೆ ಸಿಟ್ಟು, ನಗು, ಅಳು ಒಟ್ಟಿಗೇ ಬಂದವು. ಊರ ಹುಡುಗಿಯರ ಕೆನ್ನೆಗೆ ನಾನು ದಿನವೂ ಹೇಳುತ್ತಿದ್ದ ಮಾತು ಅದು. ಮುಳ್ಳು ಗೀರಿದ ಮುದುಕರ ಕಾಲಿಗೂ ಅದೇ ಮಾತು ಸಲ್ಲುತ್ತದೆಂದು ಆ ಕುರ್ಚಿಯಲ್ಲಿ ಕುಳಿತಾಗ ಹೊಳೆಯಿತು. ಕೆನ್ನೆಯಾದರೇನು, ಮೊಣಕಾಲಾದರೇನು, ತೊಗಲು ತೊಗಲೇ ಅಲ್ಲವೇ!

ಚೀಪುವ ಗುಳಿಗೆ ಬರೆದುಕೊಟ್ಟರು. ಮನೆಗೆ ಬಂದು ಒಂದನ್ನು ಬಾಯಿಗಿಟ್ಟುಕೊಂಡ ಮಾವ ಮುಖ ಕಿವುಚಿ ಅಂಗಳಕ್ಕೆ ಉಗುಳಿದರು.

“ಇದರಾಗೂ ಹುಳಿ ಐತಿ! ನನ್ನ ಪಥ್ಯ ಮುರಿಸಾಕ ಡಾಕ್ಟರನ್ನೂ ಕೂಡಿಕೊಂಡೀ ಏನ ಬೇ?”

“ಔಷಧರೀ ಅದು, ಮಾವಾರ!”

“ಹುಳಿ ಹುಳೀನ. ಔಷಧದ ಅಂಗಿ ಹಾಕಿದ್ರ ಏನಾತು?”

ಗಂಡ ಕೂಗಾಡಿದರು. ಅಪ್ಪ-ಮಗ ಕೂಗಾಡಿದರೆ ನಮ್ಮ ಮನೆಯಲ್ಲಿ ಆಡುಗಳು ಬೆದರುತ್ತವೆ, ಬೇರೆ ಏನೂ ಆಗುವುದಿಲ್ಲ. ನಾನು ಸಮಾಧಾನದಿಂದ ಹೇಳಿ ನೋಡಿದೆ. “ಮಾವಾರ, ತೊಗಲು ಅಂದ್ರ ಕಂಬಳಿ ಇದ್ದಂಗ್ರಿ. ಹರದಲ್ಲಿ ಮತ್ತ ನೇಯಬೇಕು. ನೀವು ನೂಲ ಕೊಡವಲ್ಲಿರಿ, ಮೈ ಹೆಂಗ ನೇಯಬೇಕು?”

“ನನಗ ಕಂಬಳಿ ಕಲಿಸಾಕ ಬಂದೀ ಏನು?” ಅಂದರು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಎರಡನ್ನೂ ಬಲ್ಲವರು ಯಾರೂ ಇರಲಿಲ್ಲ. ನನಗೂ ರೇಗಿತು. “ಹಂಗಾರ ಈ ಪಥ್ಯ ಎಲ್ಲೀತನಕ? ಸಾಯೋತನಕ ಏನ್ರಿ?” ಎಂದು ಕೇಳಿಯೇಬಿಟ್ಟೆ.

ಮಾವ ಬೇರೆಯದೇ ದನಿಯಲ್ಲಿ ಹೇಳಿದರು, “ಬಿಡಸೂವಾಕಿ ಹೋಗ್ಯಾಳಲ್ಲವ್ವಾ. ನಾ ಯಾರನ್ನ ಕೇಳಿ ಬಿಡ್ಲಿ?”

ಆಗ ನನಗೆ ಎಲ್ಲ ತಿಳಿಯಿತು. ನಮ್ಮ ಮನೆಯಲ್ಲಿ ಪಥ್ಯ ಹಿಡಿದವರು ತಾವಾಗಿ ಬಿಡುವಂತಿಲ್ಲ. ಮನೆಯ ಹಿರಿಯಳು ನೋಡಬೇಕು, ಸಾಕು ಅನ್ನಬೇಕು, ತಲೆಗೆ ಎರೆಯಿಸಿ, ಬಿಟ್ಟ ಪದಾರ್ಥದ ಮೊದಲ ತುತ್ತನ್ನು ತನ್ನ ಕೈಯಿಂದ ಬಾಯಿಗಿಡಬೇಕು. ನನ್ನ ಬಾಣಂತನದ ಪಥ್ಯವನ್ನು ಅತ್ತೆ ಬದನೆಕಾಯಿ ಎಣ್ಣೆಗಾಯಿಯ ತುತ್ತು ಕೊಟ್ಟು ಬಿಡಿಸಿದ್ದರು. ಮಾವನಿಗೆ ಎಷ್ಟು ಸಲ ಗಾಯವಾಗಿತ್ತೋ, ಅಷ್ಟೂ ಸಲ ಅತ್ತೆ ಕೆಲವೇ ದಿನದಲ್ಲಿ ಬಿಡಿಸಿದ್ದಿರಬೇಕು. ಅದಕ್ಕೇ ಆ ಪಥ್ಯಗಳಿಂದ ಏನೂ ಕೆಡುಕಾಗಿರಲಿಲ್ಲ. ಈ ಸಲ ಹಿಡಿದದ್ದನ್ನು ಬಿಡಿಸುವವರು ಇರಲಿಲ್ಲ. ಮುದುಕ ಹಟ ಮಾಡುತ್ತಿದ್ದಾರೆಂದು ನಾವು ತಿಳಿದಿದ್ದೆವು. ಅವರು ಹೆಂಡತಿಯ ಕೈ ಕಾಯುತ್ತ ಕುಳಿತಿದ್ದರು.

ನಾನು ಎದ್ದು ಹಂಡೆಯ ಒಲೆ ಹಚ್ಚಿದೆ. ಗಂಡನಿಗೆ, “ಅಪ್ಪನ ಕಾಲಿಗೆ ಪ್ಲಾಸ್ಟಿಕ್ ಕಟ್ರಿ, ತಲಿಗೆ ಎರೀರಿ,” ಅಂದೆ. ಅವರು ಎರೆದು ಕರೆತರುವಷ್ಟರಲ್ಲಿ ತಾಟು ಸಿದ್ಧವಾಗಿತ್ತು. ಮೆತ್ತನೆಯ ಬಿಸಿ ರೊಟ್ಟಿ, ನುಗ್ಗೆಸೊಪ್ಪಿನ ಪಲ್ಯ, ಸಣ್ಣಗೆ ಕೊಚ್ಚಿದ ಸೌತೆಕಾಯಿ, ಹಣ್ಣಾದ ಪೇರಲದ ಹೋಳು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ನಮ್ಮ ಹಿತ್ತಲಿನ ನಿಂಬೆಯನ್ನೇ ಕಿತ್ತು ತಂದು, ಪಲ್ಯವನ್ನು ಒಲೆಯಿಂದ ಇಳಿಸಿದ ಮೇಲೆ ಅದಕ್ಕೆ ಹಿಂಡಿದೆ. ಕುದಿಯುವಾಗ ಹಿಂಡಿದರೆ ಗುಣ ಹೋಗುತ್ತದೆ.

ತಲೆಯ ಮೇಲೆ ಸೆರಗು ಹೊದ್ದು ಮಾವನ ಮುಂದೆ ಕುಳಿತೆ. ಮಾವನ ಎದುರು ಸೊಸೆ ಹೀಗೆ ತಾಟು ಹಿಡಿದು ಕೂರುವ ಪದ್ಧತಿ ನಮ್ಮಲ್ಲಿಲ್ಲ. ಗಂಡ ಬಾಗಿಲಲ್ಲಿ ಕಂಬದ ಹಾಗೆ ನಿಂತಿದ್ದರು.

“ಇದೇನವ್ವಾ?” ಅಂದರು ಮಾವ.

“ಪಥ್ಯ ಬಿಡಸಾಕತ್ತೇನ್ರಿ.”

“ನಿನಗ ಯಾರು ಹೇಳ್ಯಾರ?”

“ಯಾರು ಹೇಳಬೇಕ್ರಿ? ಈ ಮನಿ ಒಲಿ ಯಾರ ಕೈಯಾಗ ಐತಿ? ಅತ್ತಿಯವರು ಹೋಗೂ ಮುಂದ ಯಾರ ಕೈ ಹಿಡದು ಹೋಗ್ಯಾರ? ಇನ್ನ ಮುಂದ ಪಥ್ಯ ಹಾಕೂದೂ ನಂದ, ಬಿಡಸೂದೂ ನಂದ. ನಾ ನೋಡೇನಿ, ಸಾಕು. ಬಾಯಿ ತೆಗೀರಿ.”

ರೊಟ್ಟಿ ಮುರಿದು, ಪಲ್ಯ ಸುತ್ತಿ, ತುತ್ತನ್ನು ಅವರ ಬಾಯಿಯ ಹತ್ತಿರ ಹಿಡಿದೆ. ಮಾವ ನನ್ನ ಮುಖವನ್ನೇ ನೋಡಿದರು. ಮದುವೆಯಾಗಿ ಬಂದಾಗಿನಿಂದ ಅವರು ನನ್ನನ್ನು ಹಾಗೆ ನೇರ ನೋಡಿದ್ದೇ ಇಲ್ಲ. ಅವರ ಕಣ್ಣು ತುಂಬಿ ಬಂತು. ಆಮೇಲೆ ಸಣ್ಣ ಕೂಸಿನ ಹಾಗೆ ಬಾಯಿ ತೆರೆದರು. ನಿಂಬೆಯ ರಸ ಒಸಡಿಗೆ ತಾಗಿ, “ಯಪ್ಪಾ, ಉರಿತೈತಿ!” ಎಂದು ಕಣ್ಣು ಮುಚ್ಚಿಕೊಂಡರು. ನೀರು ಗಲ್ಲದ ಮೇಲೆ ಇಳಿಯಿತು. ಅದು ಉರಿಗೋ, ಅತ್ತೆಯ ನೆನಪಿಗೋ, ನಾನು ಕೇಳಲಿಲ್ಲ. ಎರಡನೆಯ ತುತ್ತನ್ನು ತಾವೇ ತೆಗೆದುಕೊಂಡರು.

ಅಂದಿನಿಂದ ಗುಳಿಗೆಯನ್ನೂ ಚೀಪಿದರು, ಮುಖ ಕಿವುಚುತ್ತಲೇ. ಮೊದಲು ಒಸಡಿನ ರಕ್ತ ನಿಂತಿತು. ತೊಡೆಯ ನೀಲಿ ಹಳದಿಯಾಗಿ ಮಾಸಿತು. ಗಾಯದ ಅಂಚಿನಿಂದ ತಿಳಿಗೆಂಪು ಚರ್ಮ ಒಳಗೊಳಗೆ ತೆವಳಿ ಬಂತು. ನಾನು ಎಷ್ಟೋ ಮುಖಗಳಿಗೆ ಹೊಳಪು ತಂದಿದ್ದೇನೆ. ಆದರೆ ಆ ಕರಿ ಕಾಲಿನ ಮೇಲೆ ಬಂದ ಅಂಗೈಯಗಲದ ಹೊಸ ತೊಗಲಿನಷ್ಟು ಚೆಂದದ್ದನ್ನು ನಾನು ಕಂಡಿಲ್ಲ. ಬಂದವರಿಗೆಲ್ಲ ‘ನೋಡ್ರಿ, ಮುಟ್ಟಬ್ಯಾಡ್ರಿ’ ಎಂದು ತೋರಿಸುತ್ತಿದ್ದೆ. ಮಾವ ನಾಚುತ್ತಿದ್ದರು. ಕಡೆಗೊಂದು ಮುಂಜಾನೆ ಕಂಬಳಿ ಹೆಗಲಿಗೇರಿತು, ಕುರಿಗಳ ಗದ್ದಲ ಓಣಿ ದಾಟಿತು. ನಾನು ಹಿಟ್ಟಿನ ಕೈಯಲ್ಲೇ ಹೊರಗೆ ಓಡಿ ಬಂದು ನೋಡಿದೆ. ನಮ್ಮ ಮಾವ ಹಾಗೆಯೇ ನಡೆಯುವುದು, ಊರೇ ತಮ್ಮದು ಎಂಬಂತೆ.

ಮೊನ್ನೆ ಪಾರ್ಲರಿನಲ್ಲಿ ಒಬ್ಬ ಮದುಮಗಳಿಗೆ ಮುಖ ತೊಳೆಯುತ್ತಿದ್ದೆ. ಅವಳ ತಾಯಿ ಬೆಂಚಿನ ಮೇಲಿದ್ದರು. ಪರದೆ ಸರಿಯಿತು, ನೋಡಿದರೆ ಮಾವ! ಹೆಣ್ಣುಮಕ್ಕಳಷ್ಟೇ ಬರುವ ಜಾಗ ಅದು. ಇಷ್ಟು ವರ್ಷ ಅವರು ಆ ಬಾಗಿಲ ಕಡೆ ತಿರುಗಿಯೂ ನೋಡಿರಲಿಲ್ಲ. ಬಿಜ್ಜರಗಿಯಿಂದ ಬಸ್ಸು ಹತ್ತಿ ಬಂದಿದ್ದರು. ಏನು ಅನಾಹುತವಾಯಿತೋ ಎಂದು ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದೆ.

ಅವರು ನೆಲ ನೋಡುತ್ತ ಎಡಗೈ ಮುಂದೆ ಮಾಡಿದರು. ಹೆಬ್ಬೆರಳಿಗೆ ಬಟ್ಟೆಯ ಚೂರು ಸುತ್ತಿತ್ತು.

“ಕುರಿ ಉಣ್ಣೆ ಕತ್ತರಸೂ ಮುಂದ ಕತ್ತರಿ ಬಡದೈತಿ,” ಅಂದರು. “ಪಥ್ಯ ಏನು ಹಿಡೀಲಿ, ಹೇಳವ್ವಾ.”

ಬೆಂಚಿನ ಮೇಲಿದ್ದ ತಾಯಿ ಬೆರಗಾಗಿ ಅವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ನಾನು ಬಟ್ಟೆ ಬಿಚ್ಚಿ ಗಾಯ ನೋಡಿದೆ. ಸಣ್ಣದು. ನೋಡುವುದನ್ನು ಮಾತ್ರ ಅತ್ತೆ ನೋಡುತ್ತಿದ್ದಷ್ಟೇ ಹೊತ್ತು ನೋಡಿದೆ.

“ಎಲ್ಲಾ ತಿನ್ರಿ,” ಅಂದೆ.

“ಆತವ್ವಾ,” ಅಂದು ಮಾವ ಬಸ್ಸಿಗೆ ಹೊರಟರು.