ಬೋರ್ಡಿನ ಚಿಕ್ಕಮ್ಮ ಬಿಟ್ಟ ಫ್ಲ್ಯಾಟುಗಳು

ನಮ್ಮ ಬೀದಿಯ ಅಂಗಡಿಗಳಿಗೆಲ್ಲ ಬೋರ್ಡು ಬರೆದವಳು ಚಿಕ್ಕಮ್ಮ. ದೂರದಿಂದ ಓದಬೇಕಾದ್ದನ್ನು ದಪ್ಪಗೆ ಬರೆಯುವುದು, ಪುಡಿಪುಡಿ ಗುರುತುಗಳನ್ನು ಕೈಬಿಡುವುದು ಅವಳ ಕಸುಬಿನ ಕಟ್ಟಳೆ. ಚಿಕ್ಕಪ್ಪ ಪಾರ್ಕಿನ ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಿದ್ದ. ಆ ದನಿಗೆ ಸೋತೇ ಅವಳು ಅವನನ್ನು ಕಟ್ಟಿಕೊಂಡಿದ್ದು.

ವಯಸ್ಸಾಗುತ್ತ ಅವನ ಕಣ್ಣು ಮಂಜಾಯಿತು. ಹಾಳೆಯ ಮೇಲಿನ ಸ್ವರಗಳು ಇರುವೆ ಸಾಲಿನಂತೆ ಕಾಣತೊಡಗಿದವು. ಹೊಸ ಹಾಡು ಓದಿ ನುಡಿಸಲಾಗದಿದ್ದರೆ ಕುರ್ಚಿ ಬೇರೆಯವರಿಗೆ ಎಂದು ಬ್ಯಾಂಡ್ ಮಾಸ್ಟರ್ ಖಡಾಖಂಡಿತವಾಗಿ ಹೇಳಿಬಿಟ್ಟ. ಚಿಕ್ಕಮ್ಮ ಟೊಂಕ ಕಟ್ಟಿ ನಿಂತಳು. ಇಡೀ ಹಾಡನ್ನು ದೊಡ್ಡ ರಟ್ಟುಗಳ ಮೇಲೆ ನಿಂಬೆಹಣ್ಣಿನ ಗಾತ್ರದ ಸ್ವರಗಳಲ್ಲಿ ಇಳಿಸಿದಳು. ಮೂಲ ಹಾಳೆಯ ಪ್ರತಿ ಸಾಲಿನ ತಲೆಯಲ್ಲೂ ಇಂಗ್ಲಿಷಿನ ಸಣ್ಣ ‘ಬಿ’ಯಂಥ ಎರಡು ಗುರುತುಗಳಿದ್ದವು. ಅಚ್ಚಿನವರ ಮುದ್ರೆ ಇರಬೇಕು ಅಂದುಕೊಂಡು ಬಿಟ್ಟುಬಿಟ್ಟಳು.

ಅಭ್ಯಾಸಕ್ಕೆ ಕೂತರೆ ಬ್ಯಾಂಡು ಒಂದು ದಾರಿ, ಟ್ರಂಪೆಟ್ ಒಂದು ದಾರಿ. ಪಕ್ಕದವನ ಹಾಳೆಗೆ ಮೂಗು ತಾಗಿಸಿ ನೋಡಿದ ಮೇಲೆ ಚಿಕ್ಕಪ್ಪನಿಗೆ ಕಾರಣ ಗೊತ್ತಾಯಿತು. ಆದರೂ ಹೆಂಡತಿಯ ಹೆಸರೆತ್ತದೆ, ತುಟಿ ಸೋತಿದೆ ಎಂದ. ಹಾಗಿದ್ದರೆ ಇನ್ನು ಬರುವುದು ಬೇಡ ಎಂದ ಮಾಸ್ಟರ್.

ಮನೆಯಲ್ಲಿ ಚಿಕ್ಕಮ್ಮ ಕೆದಕಿ ಕೆದಕಿ ಕೇಳಿದ ಮೇಲೆ ಬಾಯಿಬಿಟ್ಟ.

“ನೀನು ಬಿಟ್ಟೆಯಲ್ಲ ಆ ‘ಬಿ’, ಅದು ಫ್ಲ್ಯಾಟ್ ಕಣೇ. ಸ್ವರವನ್ನ ಅರ್ಧ ಮೆಟ್ಟಿಲು ಕೆಳಗಿಳಿಸು ಅಂತ. ಶಾರ್ಪ್ ಆಗಿದ್ರೆ ಅರ್ಧ ಮೆಟ್ಟಿಲು ಮೇಲೆ. ಸಾಲಿನ ತಲೇಲಿ ಹಾಕಿದ್ರೆ ಆ ಸ್ವರ ಎಲ್ಲಿ ಬಂದ್ರೂ ಹಂಗೇ. ಹಾಡು ಯಾವ ಮನೇದು ಅಂತ ಅದ್ರಿಂದ್ಲೇ ಗೊತ್ತಾಗೋದು.”

“ತಲೇಲಿ ಹೇಳಿದ್ದನ್ನ ಸಾಲಿಡೀ ನೆನಪಿಟ್ಕೋಬೇಕಾ? ಸಕ್ಕರೆ ತನ್ನಿ ಅಂದ್ರೆ ನಿಮಗೆ ಬೀದಿ ತುದಿ ತನಕ ನೆನಪಿರಲ್ಲ.”

ಬೈದಳೇನೋ ಸರಿ, ಬೈಯುತ್ತಲೇ ಎದ್ದಳು. ಅವನು ಬೇಡವೆಂದರೂ ಕೇಳದೆ ರಟ್ಟು, ಕುಂಚ, ಬಣ್ಣದ ಡಬ್ಬಿ ಹೊತ್ತು, ಅವನನ್ನೂ ಎಳೆದುಕೊಂಡು ಬ್ಯಾಂಡಿನ ಕೋಣೆಗೆ ನುಗ್ಗಿದಳು.

“ಇವರ ತುಟಿಗೇನೂ ಆಗಿಲ್ಲ ಮಾಸ್ಟ್ರೇ. ಹಾಡಿನ ತಲೆ ಕಡಿದು ಕೊಟ್ಟವಳು ನಾನು.”

ಎಲ್ಲರೆದುರೇ ನೆಲದ ಮೇಲೆ ಕೂತು ಸಾಲುಸಾಲಿಗೂ ಫ್ಲ್ಯಾಟ್ ಬರೆದಳು. ಒಂದು ಗುರುತು ಗೆರೆ ತಪ್ಪಿ ಕೂತದ್ದನ್ನು ಮಾಸ್ಟರ್ ಬಗ್ಗಿ ತೋರಿಸಿದ, ಅಳಿಸಿ ತಿದ್ದಿದಳು. ಬಣ್ಣ ಒಣಗುವ ಮೊದಲೇ ಚಿಕ್ಕಪ್ಪ ಊದಿದ. ಈ ಸಲ ಟ್ರಂಪೆಟ್ಟಿನ ದನಿ ಬ್ಯಾಂಡಿನೊಳಗೆ ಹಾಲಿಗೆ ಸಕ್ಕರೆ ಬೆರೆತ ಹಾಗೆ ಬೆರೆಯಿತು.

ಮಾಸ್ಟರ್ ಹೊಗಳುವ ಪೈಕಿ ಅಲ್ಲ. “ಭಾನುವಾರ ಹೊತ್ತಿಗೆ ಸರಿಯಾಗಿ ಬನ್ನಿ. ಈ ರಟ್ಟು ನಿಲ್ಲಿಸೋಕೆ ದೊಡ್ಡ ಸ್ಟ್ಯಾಂಡ್ ನಾನೇ ಹುಡುಕ್ತೀನಿ” ಅಂದ.

ಚಿಕ್ಕಪ್ಪ ತನ್ನ ಕುರ್ಚಿಯಲ್ಲಿ ಕೂತು ಮೂಗು ಒರೆಸಿಕೊಳ್ಳುತ್ತಿದ್ದ. ಚಿಕ್ಕಮ್ಮ ಅವನ ಕಡೆ ನೋಡಲಿಲ್ಲ. ಕುಂಚ ತೊಳೆಯಲು ನೀರೆಲ್ಲಿದೆ ಎಂದು ಡ್ರಮ್ಮಿನವನನ್ನು ಕೇಳಿದಳು.