ಟಿವಿಯವರು ಬಿಟ್ಟ ಎರಡು ಮಾತು

ಬರ್ನಡೀನ್ ಹ್ರುಸ್ಕಾ ನಮ್ಮೂರ ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ ಮಕ್ಕಳಿಗೆ ಊಟ ಬಡಿಸಿದವಳು. ಗಂಡ ತೀರಿಕೊಂಡ ಮೇಲೆ ಮನೆಯ ಮಹಡಿಯ ಕೋಣೆ ಖಾಲಿ ಬಿದ್ದಿತ್ತು. ಬಸುರಾಗಿ ಮನೆಯವರಿಂದ ಹೊರಹಾಕಿಸಿಕೊಂಡ ಹುಡುಗಿಯರಿಗೆ ಅವಳು ಆ ಕೋಣೆ ಕೊಡುತ್ತಿದ್ದಳು. ಹೀಗೆ ಒಂಬತ್ತು ಹುಡುಗಿಯರು ಬಂದು ಹೋದರು. ಎಂಟು ಜನ ಹೆತ್ತರು. ಒಂಬತ್ತನೆಯವಳು ಡಾರ್ಸಿ. ಮೂರು ವಾರ ಇದ್ದು, ಒಂದು ಬೆಳಿಗ್ಗೆ ಹೇಳದೆ ಹೋಗಿ ಗರ್ಭ ತೆಗೆಸಿಕೊಂಡಳು. ಮಧ್ಯಾಹ್ನ ಕ್ಲಿನಿಕ್ಕಿನಿಂದ ಫೋನ್ ಮಾಡಿದ್ದು ಮಾತ್ರ ಬರ್ನಡೀನಳಿಗೇ. ಕರೆದುಕೊಂಡು ಹೋಗಲು ಬೇರೆ ಯಾರೂ ಇರಲಿಲ್ಲ. ಇವಳು ಕಾರು ತೆಗೆದುಕೊಂಡು ಹೋದಳು. ದಾರಿಯುದ್ದಕ್ಕೂ ಅಳುತ್ತಾ ಗಾಡಿ ಓಡಿಸಿದೆ ಎಂದು ನನಗೆ ಹೇಳಿದ್ದಳು. ಮನೆಗೆ ತಂದು, ಕೋಳಿ ಸೂಪು ಕುಡಿಸಿ, ನಾಲ್ಕು ದಿನ ನೋಡಿಕೊಂಡಳು. ಅಂದಿನಿಂದ ಡಾರ್ಸಿ ಪ್ರತಿ ಭಾನುವಾರ ಫೋನ್ ಮಾಡುತ್ತಿದ್ದಳು. ಆರು ವರ್ಷ ಒಂದು ಭಾನುವಾರವೂ ತಪ್ಪಲಿಲ್ಲ.

ಪ್ರತಿ ಜನವರಿಯಲ್ಲಿ ನಮ್ಮ ಚರ್ಚಿನಿಂದ ವಾಷಿಂಗ್ಟನ್ನಿಗೆ ಬಸ್ಸು ಹೊರಡುತ್ತದೆ, ಗರ್ಭಪಾತದ ವಿರುದ್ಧದ ಮೆರವಣಿಗೆಗೆ. ಬರ್ನಡೀನ್ ಮತ್ತು ನಾನು ಅಕ್ಕಪಕ್ಕದ ಸೀಟಿನವರು. ಟಿವಿಯವರ ಮೇಲೆ ಬಸ್ಸಿನಲ್ಲಿ ಎಲ್ಲರಿಗೂ ಸಿಟ್ಟು. ಇಷ್ಟು ದೊಡ್ಡ ಜನಸಾಗರ ಅವರ ಕಣ್ಣಿಗೆ ಬೀಳುವುದೇ ಇಲ್ಲ, ಎದುರು ನಿಂತು ಕೂಗುವ ಇಪ್ಪತ್ತು ಜನರನ್ನು ಅರ್ಧ ಪರದೆ ತುಂಬಾ ತೋರಿಸುತ್ತಾರೆ, ನಮ್ಮಲ್ಲಿ ಕಿರುಚುವವನು ಯಾರಾದರೂ ಇದ್ದರೆ ಅವನನ್ನೇ ಹುಡುಕುತ್ತಾರೆ ಎಂಬುದು ಪ್ರತಿ ವರ್ಷದ ದೂರು. ಬರ್ನಡೀನ್ ಮಾತ್ರ ಈ ಮಾತಿಗೆ ಸೇರುತ್ತಿರಲಿಲ್ಲ. ನಾವು ಸರಿಯಾಗಿ ಹೇಳಿದರೆ ಅವರು ಸರಿಯಾಗಿ ಕೇಳುತ್ತಾರೆ ಎನ್ನುವವಳು ಅವಳು.

ಆ ವರ್ಷ ಒಬ್ಬ ವರದಿಗಾರ್ತಿ ಅವಳ ಮುಂದೆ ಮೈಕು ಹಿಡಿದಳು. ಚಿಕ್ಕ ವಯಸ್ಸಿನವಳು, ಚಳಿಗೆ ಮೂಗು ಕೆಂಪಾಗಿತ್ತು. ಬರ್ನಡೀನ್ ತನ್ನ ಕೈಗವಸು ಬಿಚ್ಚಿ ಅವಳಿಗೆ ಕೊಟ್ಟಳು. ಇಪ್ಪತ್ತು ನಿಮಿಷ ಮಾತಾಡಿದಳು. ಹೆಸರು ಹೇಳದೆ ಡಾರ್ಸಿಯ ಕಥೆಯನ್ನೂ ಹೇಳಿದಳು. ನಾನು ಪಕ್ಕದಲ್ಲೇ ನಿಂತಿದ್ದೆ, ಮಾತು ಹೀಗಿತ್ತು:

"ನನ್ನ ಮನೇಲಿದ್ದ ಹುಡುಗಿ ಒಬ್ಬಳು ಆರು ವರ್ಷದ ಹಿಂದೆ ತೆಗೆಸಿಕೊಂಡ್ಳು. ಅದು ಕೊಲೆ ಅಂತಲೇ ನಾನು ನಂಬ್ತೀನಿ. ಆದ್ರೂ ಅವತ್ತು ಅವಳನ್ನ ಮನೆಗೆ ಕರ್ಕೊಂಡು ಬಂದೋಳು ನಾನೇ. ಇವತ್ತಿಗೂ ಅವಳು ನನ್ನ ಮಗಳೇ."

ಸಂಜೆಯ ಸುದ್ದಿಯನ್ನು ಬಸ್ಸಿನಲ್ಲೇ ಯಾರದೋ ಫೋನಿನಲ್ಲಿ ನೋಡಿದೆವು. ಬರ್ನಡೀನ್ ಕಂಡದ್ದು ಆರೇಳು ಸೆಕೆಂಡು. ಅವಳ ಮೊದಲ ಎರಡು ಮಾತಿದ್ದವು. 'ಆದ್ರೂ' ಎನ್ನುವ ಮೊದಲೇ ಕತ್ತರಿಸಿದ್ದರು. ಮುಂದಿನ ಚಿತ್ರ ಎದುರು ಗುಂಪಿನಲ್ಲಿ ಅಳುತ್ತಿದ್ದ ಒಬ್ಬ ಹೆಂಗಸಿನದು. ಬಸ್ಸಿನಲ್ಲಿ ಎಲ್ಲರೂ ಕೆರಳಿದರು.

ಆ ಭಾನುವಾರ ಫೋನ್ ಬರಲಿಲ್ಲ. ಇವಳು ಮಾಡಿದರೆ ಡಾರ್ಸಿ ಎತ್ತಲಿಲ್ಲ.

ಚಾನೆಲ್ಲಿಗೆ ಪತ್ರ ಬರೆದೆವು. ಸಮಯದ ಅಭಾವದಿಂದ ಎಲ್ಲರ ಮಾತನ್ನೂ ಚಿಕ್ಕದು ಮಾಡಬೇಕಾಗುತ್ತದೆ, ಪ್ರಸಾರವಾಗದ ದೃಶ್ಯವನ್ನು ಕೊಡುವ ಪದ್ಧತಿ ಇಲ್ಲ ಎಂದು ವಿನಯದ ಉತ್ತರ ಬಂತು. ವರದಿಗಾರ್ತಿಯೇ ಒಮ್ಮೆ ಫೋನ್ ಮಾಡಿದಳು. ತಾನು ಪೂರ್ತಿ ಮಾತನ್ನೇ ಕಳಿಸಿದ್ದೆ, ಕತ್ತರಿಸಿದ್ದು ಕಚೇರಿಯಲ್ಲಿ, ಬಹಳ ಬೇಸರವಾಯಿತು ಎಂದಳು. ಬರ್ನಡೀನ್ ಅವಳನ್ನೇ ಸಮಾಧಾನ ಮಾಡಿ ಫೋನ್ ಇಟ್ಟಳು.

ಆಮೇಲೆ ನಮ್ಮ ಕಡೆಯವರೇ ಎನ್ನಿಸಿಕೊಂಡ ಇನ್ನೊಂದು ಚಾನೆಲ್ಲಿನವರು ಬಂದರು. ಟಿವಿಯವರ ಪಕ್ಷಪಾತದ ಬಗ್ಗೆ ಕಾರ್ಯಕ್ರಮ. ಈಗಲಾದರೂ ಡಾರ್ಸಿ ಪೂರ್ತಿ ಕೇಳುತ್ತಾಳೆಂಬ ಆಸೆಯಿಂದ ಬರ್ನಡೀನ್ ಒಪ್ಪಿಕೊಂಡು, ಕ್ಲಿನಿಕ್ಕು, ಸೂಪು, ಭಾನುವಾರ ಎಲ್ಲವನ್ನೂ ಹೇಳಿದಳು. ಪ್ರಸಾರವಾದಾಗ ಅವಳಿಗೆ ಅನ್ಯಾಯವಾಯಿತು ಎಂಬುದಷ್ಟೇ ಇತ್ತು. ಗರ್ಭ ತೆಗೆಸಿಕೊಂಡವಳನ್ನು ಮನೆಗೆ ಕರೆತಂದ ಕಥೆ ಅವರಿಗೂ ಬೇಕಾಗಿರಲಿಲ್ಲ.

"ಇಬ್ರೂ ಒಂದೇ ಜಾಗಕ್ಕೆ ಕತ್ತರಿ ಹಾಕಿದ್ರಲ್ಲೇ," ಎಂದಳು ನನಗೆ. ಅವಳಿಗೆ ಕೋಪವೂ ಬರುತ್ತಿರಲಿಲ್ಲ.

ಮಾರ್ಚ್ ತಿಂಗಳಲ್ಲಿ ಇಬ್ಬರೂ ಡಾರ್ಸಿ ಕೆಲಸ ಮಾಡುವ ಹೇರ್ ಸಲೂನಿಗೆ ಹೋದೆವು. ಅವಳು ಒಬ್ಬ ಮುದುಕಿಯ ತಲೆಗೆ ಬಣ್ಣ ಹಚ್ಚುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ನಾನು ಹೇಳಿದ್ದು ಅಷ್ಟೇ ಅಲ್ಲ ಕಣೇ," ಎಂದಳು ಬರ್ನಡೀನ್. "ಮುಂದೆ ಇನ್ನೂ ಇತ್ತು."

"ಇತ್ತು ಅಂತ ನಂಗೊತ್ತು ಮಿಸ್ ಬರ್ನಿ. ನಿಮ್ಮನ್ನ ನಾನು ನೋಡಿಲ್ವಾ," ಎಂದಳು ಡಾರ್ಸಿ. "ಆದ್ರೆ ಆ ಮಾತು ಅಂದಿದ್ದೂ ನೀವೇ ಅಲ್ವಾ? ಆರು ವರ್ಷ ನನ್ನ ಹತ್ರ ಒಂದು ಸಲವೂ ಅನ್ಲಿಲ್ಲ. ಊರಿಗೆಲ್ಲಾ ಹೇಳಿದ್ರಿ."

ಹಾಗೆ ನಂಬುವುದಿಲ್ಲ ಎಂದು ಸುಳ್ಳು ಹೇಳಲು ಬರ್ನಡೀನಳಿಂದ ಆಗಲಿಲ್ಲ. ನಂಬುತ್ತೇನೆ ಎಂದು ಆ ಹುಡುಗಿಯ ಮುಖ ನೋಡಿ ಹೇಳಲೂ ಆಗಲಿಲ್ಲ. ಡಾರ್ಸಿ ಗಿರಾಕಿಯನ್ನು ತಲೆ ತೊಳೆಯಲು ಒಳಗೆ ಕರೆದುಕೊಂಡು ಹೋದಳು. ನಾವು ಸ್ವಲ್ಪ ಹೊತ್ತು ಕುರ್ಚಿಯಲ್ಲಿ ಕೂತೆವು. ಅವಳು ಹೊರಗೆ ಬರಲಿಲ್ಲ. ಎದ್ದು ಬಂದೆವು.

ಮರುವರ್ಷವೂ ಬರ್ನಡೀನ್ ಬಸ್ಸು ಹತ್ತಿದಳು. ಮೈಕು ಕಂಡಲ್ಲೆಲ್ಲ ನನ್ನ ತೋಳು ಹಿಡಿದು ಬೇರೆ ಕಡೆ ತಿರುಗಿದಳು. ವಾಪಸು ಬರುವಾಗ, ಅವತ್ತು ಮೈಕಿನ ಮುಂದೆ ಆ ಕಥೆ ಹೇಳದೇ ಇದ್ದಿದ್ದರೆ ಒಳ್ಳೆಯದಿತ್ತೇ ಎಂದು ನನ್ನನ್ನು ಕೇಳಿದಳು.